ಲಾಂಗ್ ಕೋವಿಡ್: ನಡೆದ ಮೂರನೇ ದಿನ ಹಾಸಿಗೆ. ವ್ಯಾಯಾಮ ಮುಂದುವರಿಸಲಾ, ಬಿಡಲಾ?

ಮೆಟ್ಟಿಲುಭಯ
ಕೋವಿಡ್ ಬಂದು ಹದಿನಾಲ್ಕು ತಿಂಗಳಾಯಿತು. ಆಸ್ಪತ್ರೆಗೆ ಸೇರಿರಲಿಲ್ಲ, ಆಕ್ಸಿಜನ್ ಬೇಕಾಗಿರಲಿಲ್ಲ. ಐದು ದಿನ ಜ್ವರ, ಆಮೇಲೆ ಕೆಲಸಕ್ಕೂ ಹೋದೆ. ಮೂರನೇ ವಾರ ಶುರುವಾದ ಸುಸ್ತು ಇವತ್ತಿಗೂ ಬಿಟ್ಟಿಲ್ಲ. ಎಕ್ಸ್‌ರೇ, ಇಸಿಜಿ, ಎಕೋ, ಥೈರಾಯ್ಡ್, ರಕ್ತ ಪರೀಕ್ಷೆ ಎಲ್ಲಾ ನಾರ್ಮಲ್.

ಎರಡು ತಿಂಗಳ ಹಿಂದೆ ಡಾಕ್ಟರ್ ನನ್ನನ್ನು ಫಿಸಿಯೋ ಹತ್ತಿರ ಕಳಿಸಿದರು. ಅವರು ಬರೆದುಕೊಟ್ಟ ಚೀಟಿ ಸರಳವಾಗಿತ್ತು. ಮೊದಲ ವಾರ ದಿನಕ್ಕೆ 5 ನಿಮಿಷ ನಡಿಗೆ. ಪ್ರತಿ ವಾರ 5 ನಿಮಿಷ ಜಾಸ್ತಿ. ಕೊನೆಯ ಸಾಲು: ಸುಸ್ತಾದರೂ ನಿಲ್ಲಿಸಬಾರದು.

15 ನಿಮಿಷದವರೆಗೂ ಹೇಗೋ ಎಳೆದೆ, ನಡುವೆ ಎರಡು ಸಲ ಮಲಗಿ ಎದ್ದೆ. 20 ನಿಮಿಷ ನಡೆದ ದಿನ ಏನೂ ಆಗಲಿಲ್ಲ. ಖುಷಿಯಿಂದ ಮನೆಗೆ ಬಂದೆ. ಮಾರನೇ ದಿನವೂ ಪರವಾಗಿಲ್ಲ. ಮೂರನೇ ದಿನ ಬೆಳಿಗ್ಗೆ ಹಲ್ಲುಜ್ಜಲು ಕೈ ಮೇಲೇಳಲಿಲ್ಲ. ಗಂಟಲು ನೋವು, ಜ್ವರ ಬಂದ ಹಾಗೆ ಮೈಕೈ ನೋವು. ಯಾರಾದರೂ ಮಾತಾಡಿದರೆ ಅದು ತಲೆಗೆ ಹೋಗಲು ಎರಡು ಕ್ಷಣ ಬೇಕು. ಹೀಗಾದದ್ದು ಇದು ಮೂರನೇ ಸಲ.

ಫಿಸಿಯೋ "ಮೈ ಬಗ್ಗಿಲ್ಲ, ಅದಕ್ಕೇ. ಈಗ ಬಿಟ್ಟರೆ ಇನ್ನೂ ಕೆಡುತ್ತದೆ" ಅಂದರು. ಮನೆಯವರು "ಮನಸ್ಸು ಗಟ್ಟಿ ಮಾಡು" ಅನ್ನುತ್ತಾರೆ. ನಾನು ನಿಜವಾಗಿಯೂ ಸೋಮಾರಿಯಾಗಿದ್ದೇನಾ? ಅನುಭವ ಇರುವವರು ಹೇಳಿ.

ಓಟಗಾರ
ಬಿಡಬೇಡಿ. ನಾನು ಐಸಿಯುನಲ್ಲಿ 11 ದಿನ ಇದ್ದವನು. ಹೊರಗೆ ಬಂದಾಗ ಬಚ್ಚಲಿಗೆ ಹೋಗಲೂ ಇಬ್ಬರು ಹಿಡಿದುಕೊಳ್ಳಬೇಕಿತ್ತು. ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿದೆ, ಅಳುತ್ತಲೇ ಮಾಡಿದೆ ಅನ್ನಿ. ಎಂಟನೇ ತಿಂಗಳಿಗೆ 5 ಕಿ.ಮೀ. ಓಡಿದೆ. ಮೈ ಅನ್ನೋದು ಹಾಗೇ, ಕೂರಿಸಿದರೆ ಕೂತೇಬಿಡುತ್ತದೆ.

ನಿಧಾನಿ
ಬಿಡಿ. ಇವತ್ತೇ ಬಿಡಿ.

ಓಟಗಾರ
@ನಿಧಾನಿ ಒಂದು ಸಾಲಿನ ಡಾಕ್ಟರ್‌ಗಿರಿ ಬೇಡ ಮಾರಾಯರೇ. ಕಾರಣ ಹೇಳಿ.

ನಿಧಾನಿ
ಕಾರಣ ಅವರೇ ಬರೆದಿದ್ದಾರೆ. ನಡೆಯುವಾಗ ಏನೂ ಆಗಲಿಲ್ಲ, ಮೂರನೇ ದಿನ ಬಿದ್ದರು. ಅಭ್ಯಾಸ ತಪ್ಪಿದವರು ನಡೆಯುವಾಗಲೇ ಏದುಸಿರು ಬಿಡುತ್ತಾರೆ. ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾರೆ. ಮಾರನೇ ದಿನ ತೊಡೆ ಹಿಡಿದುಕೊಳ್ಳುತ್ತದೆ, ಮುಗಿಯಿತು. ಅವರಿಗೆ ಗಂಟಲು ನೋವು ಬರುವುದಿಲ್ಲ. ಕೇಳಿದ ಮಾತು ಅರ್ಥವಾಗದೇ ಹೋಗುವುದಿಲ್ಲ.

ಮೂರು ವರ್ಷದಿಂದ ಈ ಶಾಲೆಯಲ್ಲಿದ್ದೇನೆ. ಇನ್ನೂ ಒಂದನೇ ಕ್ಲಾಸು.

ಮೂಳೆಮಾಂಸ
ನಾನು ಫಿಸಿಯೋಥೆರಪಿಸ್ಟ್. ನಿಮ್ಮ ಫಿಸಿಯೋ ಅಲ್ಲ, ಹಾಗಾಗಿ ಇದನ್ನು ಚಿಕಿತ್ಸೆ ಅಂದುಕೊಳ್ಳಬೇಡಿ.

ಓಟಗಾರರು, ನಿಧಾನಿಯವರು ಇಬ್ಬರೂ ತಮ್ಮ ತಮ್ಮ ಮೈಯ ಮಟ್ಟಿಗೆ ಸರಿಯಾಗಿಯೇ ಹೇಳುತ್ತಿದ್ದಾರೆ. ತೊಡಕು ಇರುವುದು ಲಾಂಗ್ ಕೋವಿಡ್ ಅನ್ನುವ ಹೆಸರಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಕೊಟ್ಟ ವ್ಯಾಖ್ಯೆ ಇಷ್ಟೇ: ಸೋಂಕು ತಗುಲಿ ಸಾಮಾನ್ಯವಾಗಿ 3 ತಿಂಗಳ ಹೊತ್ತಿಗೆ ಇರುವ, ಕನಿಷ್ಠ 2 ತಿಂಗಳು ಉಳಿಯುವ, ಬೇರೆ ಕಾರಣ ಸಿಗದ ಲಕ್ಷಣಗಳು. ವೆಂಟಿಲೇಟರ್‌ನಲ್ಲಿ ಮಲಗಿ ಸ್ನಾಯು ಕರಗಿದವರೂ ಇದರೊಳಗೆ ಬರುತ್ತಾರೆ. ಮನೆಯಲ್ಲೇ ಜ್ವರ ಕಳೆದು ಆಮೇಲೆ ಕುಸಿದವರೂ ಬರುತ್ತಾರೆ. ಇಬ್ಬರಿಗೂ ಒಂದೇ ಚೀಟಿ ಬರೆದರೆ ಒಬ್ಬರು ಎದ್ದು ಓಡುತ್ತಾರೆ, ಇನ್ನೊಬ್ಬರು ಮಲಗುತ್ತಾರೆ.

ಮೆಟ್ಟಿಲುಭಯ ಅವರು ವರ್ಣಿಸಿದ್ದಕ್ಕೆ ನಮ್ಮಲ್ಲಿ ಪಿಇಎಂ ಅನ್ನುತ್ತೇವೆ, ಅಂದರೆ ಶ್ರಮದ ನಂತರ ಲಕ್ಷಣಗಳು ಉಲ್ಬಣಿಸುವುದು. ಈಚೆಗೆ ಪಿಇಎಸ್‌ಇ ಅಂತಲೂ ಬರೆಯುತ್ತಾರೆ. ರೋಗಿಗಳು ಸುಮ್ನೆ ಕ್ರ್ಯಾಶ್ ಅಂತಾರೆ. ಶ್ರಮ ಆದ ಮೇಲೆ ಸಾಮಾನ್ಯವಾಗಿ 12ರಿಂದ 72 ಗಂಟೆ ಬಿಟ್ಟು ಹೊಡೆಯುತ್ತದೆ. ದಿನಗಟ್ಟಲೆ, ಕೆಲವರಿಗೆ ವಾರಗಟ್ಟಲೆ ಇರುತ್ತದೆ. ಈ ತಡವೇ ಎಲ್ಲರನ್ನೂ ಮೋಸ ಮಾಡುವುದು. ನಡೆದದ್ದು ಸೋಮವಾರ, ಬಿದ್ದದ್ದು ಬುಧವಾರ. ನಡುವೆ ಮಂಗಳವಾರ ಚೆನ್ನಾಗಿರುವುದರಿಂದ ಯಾರಿಗೂ ನಂಟು ಕಾಣುವುದಿಲ್ಲ.

ಜಾಗತಿಕ ಫಿಸಿಯೋಥೆರಪಿ ಒಕ್ಕೂಟ, ಅಂದರೆ ವರ್ಲ್ಡ್ ಫಿಸಿಯೋಥೆರಪಿ, 2021ರ ಜೂನ್‌ನಲ್ಲೇ ಒಂದು ಟಿಪ್ಪಣಿ ಹೊರಡಿಸಿತು. ವ್ಯಾಯಾಮ ಬರೆದುಕೊಡುವ ಮೊದಲು ಈ ಉಲ್ಬಣ ಇದೆಯಾ ಅಂತ ಕೇಳಿ, ಹೃದಯದ ತೊಂದರೆ ಇಲ್ಲ ಅಂತ ಖಚಿತಪಡಿಸಿಕೊಳ್ಳಿ, ಶ್ರಮಪಟ್ಟಾಗ ಆಕ್ಸಿಜನ್ ಇಳಿಯುತ್ತದಾ ನೋಡಿ, ನಿಂತಾಗ ನಾಡಿ ಏರುತ್ತದಾ ನೋಡಿ ಅಂತ. ಈ ನಾಲ್ಕು ಪ್ರಶ್ನೆ ಕೇಳದೇ ಕೊಟ್ಟ ಚೀಟಿ ಅಂದಾಜಿನ ಚೀಟಿ. ನನ್ನ ವೃತ್ತಿಯವರ ಮೇಲೇ ಹೇಳುತ್ತಿದ್ದೇನೆ, ಬೇಜಾರಿದೆ.

ಸೋಮಾರಿತನ ಅಲ್ಲ. ಸೋಮಾರಿಗಳು 20 ನಿಮಿಷ ನಡೆದು ಖುಷಿಪಡುವುದಿಲ್ಲ.

ಮೆಟ್ಟಿಲುಭಯ
ಕೊನೆಯ ಸಾಲು ಓದಿ ಅತ್ತುಬಿಟ್ಟೆ. ಇದೂ ಶ್ರಮದ ಲೆಕ್ಕಕ್ಕೆ ಸೇರುತ್ತದಾ?

ನಿಧಾನಿ
ಸೇರುತ್ತದೆ. ಸುಳ್ಳಲ್ಲ. ಜಗಳ, ಅಳು, ಮೀಟಿಂಗ್, ಬ್ಯಾಂಕಿನ ಫಾರಂ ತುಂಬುವುದು, ಎಲ್ಲವೂ. ನನ್ನ ಅತಿ ಕೆಟ್ಟ ಕ್ರ್ಯಾಶ್‌ಗಳಲ್ಲಿ ಒಂದು ಬಂದದ್ದು ಎರಡು ತಾಸಿನ ಫೋನ್ ಮಾತಿನಿಂದ. ಕಾಲು ಒಂದಿಂಚೂ ಅಲ್ಲಾಡಿಸಿರಲಿಲ್ಲ.

ಅಂಕಿಅಂಶ
ಸ್ವಲ್ಪ ಹಿನ್ನೆಲೆ ಹೇಳುತ್ತೇನೆ, ಯಾಕೆಂದರೆ ಈ ಜಗಳ ಕೋವಿಡ್‌ಗಿಂತ ಹಳೆಯದು. ಎಂಇ/ಸಿಎಫ್‌ಎಸ್ ಅನ್ನುವ, ವರ್ಷಗಟ್ಟಲೆ ಬಿಡದ ಸುಸ್ತಿನ ಕಾಯಿಲೆಯಲ್ಲೂ ಇದೇ ಕ್ರ್ಯಾಶ್ ಇದೆ. ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2007ರಲ್ಲಿ ಅದಕ್ಕೆ ಹಂತಹಂತವಾಗಿ ವ್ಯಾಯಾಮ ಹೆಚ್ಚಿಸಿ ಅಂತ ಹೇಳಿತ್ತು. 2011ರಲ್ಲಿ 641 ಜನರ ಪೇಸ್ ಪ್ರಯೋಗ ಅದನ್ನೇ ಎತ್ತಿಹಿಡಿಯಿತು. ರೋಗಿಗಳು ಒಪ್ಪಲಿಲ್ಲ, ವರ್ಷಗಟ್ಟಲೆ ಹೋರಾಡಿದರು. ನ್ಯಾಯಮಂಡಳಿಯ ಆದೇಶದ ನಂತರ 2016ರಲ್ಲಿ ದತ್ತಾಂಶ ಹೊರಬಂತು. ಮತ್ತೆ ಲೆಕ್ಕ ಹಾಕಿದಾಗ ಹೇಳಿದ್ದಷ್ಟು ಲಾಭ ಕಾಣಲಿಲ್ಲ. 2021ರ ಅಕ್ಟೋಬರ್‌ನಲ್ಲಿ ನೈಸ್ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ವಾರವಾರ ನಿಗದಿಯಾಗಿ ಏರಿಸುವ ವ್ಯಾಯಾಮ ಕೊಡಬೇಡಿ ಅಂತ ಬರೆಯಿತು.

ನಿಮ್ಮ ಚೀಟಿ ನೋಡಿದರೆ 2007ರಲ್ಲಿ ಬರೆದ ಹಾಗಿದೆ.

ಇನ್ನೊಂದು. 2024ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ನೇಚರ್ ಕಮ್ಯೂನಿಕೇಷನ್ಸ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಲಾಂಗ್ ಕೋವಿಡ್ ಇರುವ 25 ಜನ, ಆರೋಗ್ಯವಾಗಿರುವ 21 ಜನ. ಎಲ್ಲರಿಗೂ ಸುಮಾರು ಕಾಲು ಗಂಟೆ ಸೈಕಲ್ ತುಳಿಸಿ, ಅದಕ್ಕೂ ಮೊದಲು ಒಮ್ಮೆ, ಮಾರನೇ ದಿನ ಒಮ್ಮೆ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದರು. ರೋಗಿಗಳ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ, ಮೊದಲೇ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ಸೈಕಲ್ ತುಳಿದ ಮೇಲೆ ಇನ್ನೂ ಕುಸಿಯಿತು. ಸ್ನಾಯುವಿಗೆ ಪೆಟ್ಟಾದ ಗುರುತೂ ಕಂಡಿತು. "ಮನಸ್ಸು ಗಟ್ಟಿ ಮಾಡು" ಅನ್ನುವವರಿಗೆ ಇದನ್ನು ತೋರಿಸಿ.

ಓಟಗಾರ
ಅಂಕಿಅಂಶ ಸಾರ್ ತಮಗೆ ಬೇಕಾದ್ದನ್ನು ಮಾತ್ರ ಹೆಕ್ಕುತ್ತಿದ್ದಾರೆ. ರೀಗೇನ್ ಪ್ರಯೋಗ? 2024ರಲ್ಲೇ, ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ. 585 ಜನ. ಎಂಟು ವಾರ ಆನ್‌ಲೈನ್‌ನಲ್ಲಿ ಗುಂಪಾಗಿ ವ್ಯಾಯಾಮ ಮಾಡಿಸಿದರು, ಜೊತೆಗೆ ಮನಸ್ಸಿಗೂ ಬೆಂಬಲ. ಜೀವನದ ಗುಣಮಟ್ಟ ಏರಿತು. 25 ದೊಡ್ಡದೋ, 585 ದೊಡ್ಡದೋ?

ಅಂಕಿಅಂಶ
ಒಳ್ಳೆಯ ಪ್ರಯೋಗವೇ. ಆದರೆ ಆ 585 ಜನ ಯಾರು ನೋಡಿದಿರಾ? ಕೋವಿಡ್ ಆಗಿ ಆಸ್ಪತ್ರೆ ಸೇರಿ, ಬಿಡುಗಡೆಯಾಗಿ ಕನಿಷ್ಠ 3 ತಿಂಗಳು ಕಳೆದವರು. ಅಂದರೆ ನಿಮ್ಮಂಥವರು. ಲಾಭವೂ ಬೆಟ್ಟದಷ್ಟಲ್ಲ, ಇದ್ದದ್ದು ನಿಜ. ಆಸ್ಪತ್ರೆಯ ಮುಖವನ್ನೇ ನೋಡದ ಮೆಟ್ಟಿಲುಭಯ ಅವರಿಗೆ ಅದನ್ನು ಹೇಗೆ ಅಂಟಿಸುತ್ತೀರಿ?

ಹೋಗಲಿ, ಒಂದು ತಮಾಷೆ ಹೇಳುತ್ತೇನೆ. ಲಾಂಗ್ ಕೋವಿಡ್ ಅಂತ ಹೆಸರಿಟ್ಟದ್ದು ಡಾಕ್ಟರ್ ಅಲ್ಲ. 2020ರ ಮೇ ತಿಂಗಳಲ್ಲಿ ಇಟಲಿಯ ಎಲಿಸಾ ಪೆರೆಗೊ ಎಂಬ ರೋಗಿ ಟ್ವಿಟರ್‌ನಲ್ಲಿ ಹ್ಯಾಶ್‌ಟ್ಯಾಗ್ ಮಾಡಿ ಹಾಕಿದ್ದು. ಆಕೆ ಪುರಾತತ್ತ್ವ ಸಂಶೋಧಕಿ.

ತುಂಟಮೀನು
ಅಗೆಯುವ ಕೆಲಸದವರಿಗೇ ಗೊತ್ತಾಗಬೇಕು, ಕೆಳಗೆ ಇನ್ನೂ ಏನೋ ಉಳಿದಿದೆ ಅಂತ 😄

ನಡುರಾತ್ರಿ
ನನ್ನದು ಬೇರೆ ಕಥೆ. ನಡೆದರೆ ಅಲ್ಲ, ನಿಂತರೆ ತೊಂದರೆ. ಮಲಗಿದ್ದಾಗ ನಾಡಿ 72, ಎದ್ದು ನಿಂತು ಐದು ನಿಮಿಷಕ್ಕೆ 118. ತಲೆ ಸುತ್ತು, ಕೈ ನಡುಕ, ಎದೆ ಡವಡವ. ಒಂದು ವರ್ಷ ಆತಂಕದ ಮಾತ್ರೆ ನುಂಗಿದೆ. ಕೊನೆಗೆ ಒಬ್ಬ ಡಾಕ್ಟರ್ ಹತ್ತು ನಿಮಿಷ ಗೋಡೆಗೆ ಒರಗಿಸಿ ನಿಲ್ಲಿಸಿ ನಾಡಿ ಎಣಿಸಿದರು. ಪಾಟ್ಸ್ ಅಂತೆ, ಎದ್ದು ನಿಂತರೆ ನಾಡಿ ವಿಪರೀತ ಏರುವ ತೊಂದರೆ. ಹತ್ತು ನಿಮಿಷದ ಪರೀಕ್ಷೆಗೆ ಒಂದು ವರ್ಷ!

ಈಗ ನನ್ನ ವ್ಯಾಯಾಮ ಎಲ್ಲಾ ಮಲಗಿಯೇ. ಬೆನ್ನ ಮೇಲೆ ಮಲಗಿ ಕಾಲು ಎತ್ತುವುದು, ಸೊಂಟ ಎತ್ತುವುದು, ಪಾದ ಮೇಲೆ ಕೆಳಗೆ ಆಡಿಸುವುದು. ಆಮೇಲೆ ಒರಗಿ ತುಳಿಯುವ ಸೈಕಲ್. ನಡಿಗೆಗೆ ಬಂದದ್ದು ಐದನೇ ತಿಂಗಳು. ಬಿಗಿಯಾದ ಕಾಲುಚೀಲ ಹಾಕುತ್ತೇನೆ, ನೀರು, ಉಪ್ಪು ಜಾಸ್ತಿ. ಸ್ನಾನಕ್ಕೆ ಸ್ಟೂಲು. ನಿಜ ಹೇಳಲಾ, ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಆ ಸ್ಟೂಲು.

ಮೂಳೆಮಾಂಸ
@ನಡುರಾತ್ರಿ ಚೆನ್ನಾಗಿ ಬರೆದಿರಿ. ಎರಡು ತಿದ್ದುಪಡಿ, ಓದುವವರು ಮನೆಯಲ್ಲೇ ಪ್ರಯೋಗಕ್ಕೆ ಇಳಿಯುತ್ತಾರೆ ಅಂತ. ನಿಂತ 10 ನಿಮಿಷದೊಳಗೆ ನಾಡಿ 30 ಅಥವಾ ಹೆಚ್ಚು ಏರಿ ಹಾಗೇ ನಿಲ್ಲಬೇಕು, ಹದಿಹರೆಯದವರಿಗೆ 40. ಜೊತೆಗೆ ಬಿಪಿ ಹೆಚ್ಚು ಇಳಿದಿರಬಾರದು, ಅದಕ್ಕೇ ಬಿಪಿಯನ್ನೂ ನೋಡಬೇಕು. ಪಕ್ಕದಲ್ಲಿ ಯಾರಾದರೂ ಇರಲಿ, ಬಿದ್ದವರಿದ್ದಾರೆ. ಉಪ್ಪು ಡಾಕ್ಟರ್ ಹೇಳಿದರೆ ಮಾತ್ರ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇರುವವರು ಉಪ್ಪಿನ ಡಬ್ಬಿ ಮುಟ್ಟಬೇಡಿ.

ಉಸಿರುಗೋಳು
ಯಾರೂ ಉಸಿರಿನ ಬಗ್ಗೆ ಮಾತಾಡುತ್ತಿಲ್ಲ. ಒಂದು ವಿಡಿಯೋ ನೋಡಿ ಜೋರಾಗಿ ಆಳವಾಗಿ ಉಸಿರೆಳೆದು ಬಿಡುವ ಅಭ್ಯಾಸ ಶುರು ಮಾಡಿದೆ. ಬೆರಳ ತುದಿ ಜುಮುಜುಮು, ಕಣ್ಣು ಕತ್ತಲೆ. ಶ್ವಾಸಕೋಶ ತೆರೆದುಕೊಳ್ಳುತ್ತಿದೆಯಾ?

ಮೂಳೆಮಾಂಸ
ಇಲ್ಲ, ಇಂಗಾಲದ ಡೈಆಕ್ಸೈಡ್ ಖಾಲಿಯಾಗುತ್ತಿದೆ. ನಿಲ್ಲಿಸಿ. ಕೋವಿಡ್ ಆದ ಮೇಲೆ ಬಹಳ ಜನ ಗೊತ್ತಿಲ್ಲದೇ ಎದೆಯ ಮೇಲ್ಭಾಗದಿಂದ, ಬಾಯಿಂದ, ಬೇಗ ಬೇಗ ಉಸಿರಾಡುತ್ತಾರೆ. ಇನ್ನಷ್ಟು ಗಾಳಿ ತುಂಬುವುದು ಅದಕ್ಕೆ ಮದ್ದಲ್ಲ, ಕಡಿಮೆ ಮಾಡಬೇಕು. ಮೂಗಿನಿಂದ, ಸದ್ದಿಲ್ಲದೇ, ಹೊಟ್ಟೆಯ ಮೇಲಿಟ್ಟ ಕೈ ಏಳುವಷ್ಟು. ಬಿಡುವುದು ಎಳೆದುಕೊಳ್ಳುವುದಕ್ಕಿಂತ ಉದ್ದ. ಏದುಸಿರು ಬಂದಾಗ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಮೊಣಕೈ ತೊಡೆಯ ಮೇಲಿಡಿ, ಭುಜ ಸಡಿಲ ಬಿಡಿ. ಎದೆ ನೋವು, ಪ್ರಜ್ಞೆ ತಪ್ಪುವುದು ಇದ್ದರೆ ಮಾತ್ರ ಇಲ್ಲಿ ಕೇಳುತ್ತಾ ಕೂರದೇ ಡಾಕ್ಟರ್ ಹತ್ತಿರ ಹೋಗಿ.

ತುಂಟಮೀನು
ಲಂಡನ್ನಿನಲ್ಲಿ ಒಪೆರಾ ಹಾಡುಗಾರರು ಲಾಂಗ್ ಕೋವಿಡ್‌ನವರಿಗೆ ಲಾಲಿ ಹಾಡು ಹೇಳಿಕೊಟ್ಟು ಉಸಿರು ಕಲಿಸಿದರು ಅಂತ ಓದಿದ್ದೆ. ಅದು ನಿಜವಾ, ಕಟ್ಟುಕಥೆಯಾ?

ಅಂಕಿಅಂಶ
ನಿಜ. ಇಂಗ್ಲಿಷ್ ನ್ಯಾಷನಲ್ ಒಪೆರಾ 2020ರಲ್ಲಿ ಶುರು ಮಾಡಿತು. 2022ರಲ್ಲಿ ಪ್ರಯೋಗದ ಫಲಿತಾಂಶ ಬಂತು. ಮನಸ್ಸಿಗೆ ಸಂಬಂಧಿಸಿದ ಅಂಕ ಸ್ವಲ್ಪ ಏರಿತು, ದೇಹದ ಅಂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೂ ಲಾಲಿ ಹಾಡಿ ಯಾರೂ ಹಾಸಿಗೆ ಹಿಡಿಯಲಿಲ್ಲ ಅಲ್ವಾ.

ವಾಸನೆಹೋದವ
ವಿಷಯ ಬಿಟ್ಟು ಹೋಗುತ್ತಿದ್ದೇನೆ, ಕ್ಷಮಿಸಿ. ಮೂಗಿಗೂ ಫಿಸಿಯೋ ಇದೆಯಂತೆ? ಎರಡು ವರ್ಷದಿಂದ ಗ್ಯಾಸ್ ಸೋರಿದರೂ ಗೊತ್ತಾಗಲ್ಲ ನನಗೆ.

ಉಸಿರುಗೋಳು
ಇದೆ, ನಾನು ಮಾಡಿದೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ನಾಲ್ಕು ಎಣ್ಣೆ. ಒಂದೊಂದನ್ನೂ ಇಪ್ಪತ್ತು ಸೆಕೆಂಡ್ ಮೂಸಬೇಕು, ಬೆಳಿಗ್ಗೆ ಒಮ್ಮೆ ರಾತ್ರಿ ಒಮ್ಮೆ, ಕನಿಷ್ಠ 12 ವಾರ. ಮೂಸುವಾಗ ಆ ವಾಸನೆಯನ್ನು ನೆನಪು ಮಾಡಿಕೊಳ್ಳಬೇಕು. ನನಗೆ ಲವಂಗ ಬಂತು, ಗುಲಾಬಿ ಇನ್ನೂ ಸುಟ್ಟ ರಬ್ಬರು. ಮನೆಗೆ ಗ್ಯಾಸ್ ಅಲಾರಂ ಹಾಕಿಸಿಕೊಳ್ಳಿ ಮೊದಲು.

ಅಮ್ಮನಮಗ
ಎಲ್ಲರೂ ವಿಶ್ರಾಂತಿ ಅನ್ನುತ್ತಿರುವುದು ನೋಡಿ ಗಾಬರಿಯಾಯಿತು. ನಮ್ಮಮ್ಮನಿಗೆ 68. ಐಸಿಯುನಲ್ಲಿ 19 ದಿನ, ಅದರಲ್ಲಿ ಒಂದು ವಾರ ವೆಂಟಿಲೇಟರ್. ಮನೆಗೆ ಬಂದು ಆರು ವಾರ. ತೊಡೆ ಕಡ್ಡಿಯಾಗಿದೆ, ಕುರ್ಚಿಯಿಂದ ಏಳಲು ಕೈ ಊರಬೇಕು. ಮಲಗಿಸಿಯೇ ಇಡಲಾ?

ಮೂಳೆಮಾಂಸ
ಬೇಡ, ದಯವಿಟ್ಟು ಮಲಗಿಸಬೇಡಿ. ಇಲ್ಲಿ ಓಟಗಾರರ ಮಾತು ಕೇಳಿ. ಐಸಿಯುನಲ್ಲಿ ಸ್ನಾಯು ಬಹಳ ಬೇಗ ಕರಗುತ್ತದೆ, ಅದು ತಾನಾಗಿ ಬರುವುದಿಲ್ಲ. ಕುರ್ಚಿಯಿಂದ ಏಳುವುದು ಕೂರುವುದು, ಅದೇ ಅವರ ವ್ಯಾಯಾಮ. ಎತ್ತರದ ಕುರ್ಚಿಯಿಂದ ಶುರು ಮಾಡಿ, ಗೋಡೆಗೆ ತಾಗಿಸಿ ಇಡಿ, ನೀವು ಎದುರಿಗೆ ನಿಂತಿರಿ. ಮೂರು ಸಲ, ವಿಶ್ರಾಂತಿ, ಮತ್ತೆ ಮೂರು ಸಲ. ವ್ಯಾಯಾಮದ ಜೊತೆಗೆ ಊಟದಲ್ಲಿ ಪ್ರೋಟೀನ್ ಇರಲಿ.

ಬೆರಳಿಗೆ ಆಕ್ಸಿಮೀಟರ್ ಹಾಕಿ. ಒಂದು ನಿಮಿಷ ಎದ್ದು ಕೂತು ಮಾಡಿದಾಗ ಅಂಕಿ 3 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಮುಂದುವರಿಸದೇ ಡಾಕ್ಟರ್‌ಗೆ ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲಿ ಐದು ಹಂತ ಇವೆ, ಒಂದೊಂದು ಹಂತದಲ್ಲೂ ಕನಿಷ್ಠ 7 ದಿನ ಇರಬೇಕು, ತೊಂದರೆಯಾದರೆ ಹಿಂದಿನ ಹಂತಕ್ಕೆ. ಬರೀ ಇವತ್ತಿನದ್ದಲ್ಲ, ನಾಳೆ, ನಾಡಿದ್ದು ಹೇಗಿದ್ದಾರೆ ಅಂತಲೂ ಬರೆದಿಡಿ. ಐಸಿಯುನಿಂದ ಬಂದವರಲ್ಲೂ ಕೆಲವರಿಗೆ ಆ ಕ್ರ್ಯಾಶ್ ಇರುತ್ತದೆ.

ಓಟಗಾರ
ನೋಡಿ, ಇದನ್ನೇ ನಾನು ಹೇಳಿದ್ದು. ಇಲ್ಲಿ ಎಲ್ಲರಿಗೂ ಹೆದರಿಸಿ ಹೆದರಿಸಿ ಮಲಗಿಸಿಬಿಡುತ್ತೀರಿ. ಮಲಗಿದರೂ ಮೈ ಕೆಡುತ್ತದೆ.

ನಿಧಾನಿ
ಯಾರೂ ಮಲಗಿ ಅನ್ನಲಿಲ್ಲ. ಪೇಸಿಂಗ್ ಅಂದರೆ ಮಲಗುವುದಲ್ಲ, ಜೇಬಿನಲ್ಲಿ ಇರುವಷ್ಟೇ ಖರ್ಚು ಮಾಡುವುದು. ನನಗೂ ಮೊದಲ ವರ್ಷ ನಿಮ್ಮಂಥ ಗೆಳೆಯನೇ ಸಿಕ್ಕಿದ್ದ. "ಬಾ, ನಾನಿದ್ದೀನಿ" ಅಂತ ಬೆಟ್ಟ ಹತ್ತಿಸಿದ. ಮೇಲೆ ಹೋಗಿ ಫೋಟೋ ತೆಗೆಸಿಕೊಂಡೆವು, ನಗುತ್ತಿದ್ದೇನೆ ಅದರಲ್ಲಿ. ಮೂರನೇ ದಿನದಿಂದ ನಾಲ್ಕು ತಿಂಗಳು ಕತ್ತಲೆ ಕೋಣೆ. ಬೆಳಕು ಬಿದ್ದರೆ ಕಣ್ಣು ನೋವು, ಪಾತ್ರೆ ಸದ್ದಾದರೆ ತಲೆ ನೋವು. ಕೆಲಸ ಹೋಯಿತು. ಗೆಳೆಯ ಕೆಟ್ಟವನಲ್ಲ. ಆ ಫೋಟೋ ಅವನ ಫೋನಿನಲ್ಲಿ ಇನ್ನೂ ಇದೆ.

ಓಟಗಾರ
...

ನಮ್ಮ ಓಟದ ಗುಂಪಿನಲ್ಲಿ ಒಬ್ಬ ಹುಡುಗ ಇದ್ದ. ಕೋವಿಡ್ ಆದ ಮೇಲೆ ಬಂದ, ನಾನೇ ಕರೆದದ್ದು. ಮೂರು ಭಾನುವಾರ ಬಂದ, ಆಮೇಲೆ ನಿಲ್ಲಿಸಿದ. ಸೋಮಾರಿ ಅಂತ ಗುಂಪಿನಲ್ಲಿ ತಮಾಷೆ ಮಾಡಿದ್ದೆ. ಇವತ್ತು ಫೋನ್ ಮಾಡುತ್ತೇನೆ.

ನಿಧಾನಿ
ಮೆಸೇಜ್ ಕಳಿಸಿ. ಫೋನ್ ಅಂದರೆ ಅವನಿಗೆ ಶ್ರಮ ಆಗಬಹುದು.

ಮೆಟ್ಟಿಲುಭಯ
ಸರಿ, ಚೀಟಿ ಮಡಚಿಟ್ಟೆ. ಆದರೆ ಎಷ್ಟು ಮಾಡಬಹುದು ಅಂತ ಹೇಗೆ ಗೊತ್ತಾಗುವುದು? ನಡೆಯುವಾಗ ನನಗೆ ಏನೂ ಅನಿಸುವುದೇ ಇಲ್ಲವಲ್ಲ.

ನಿಧಾನಿ
ಎರಡು ದಾರಿ. ಒಂದು, ನೋಟ್‌ಬುಕ್. ಏನು ಮಾಡಿದೆ, ಎಷ್ಟು ಹೊತ್ತು, ನಿದ್ದೆ ಹೇಗೆ, ಮೂರನೇ ದಿನ ಹೇಗೆ. ಎರಡು ವಾರದಲ್ಲಿ ನಿಮ್ಮ ಗೆರೆ ಎಲ್ಲಿದೆ ಕಾಣುತ್ತದೆ. ಒಳ್ಳೆಯ ದಿನ ಅದರ ಕೆಳಗೇ ಇರಿ. ಕೆಟ್ಟ ದಿನ ಇನ್ನೂ ಕೆಳಗೆ.

ಎರಡು, ನಾಡಿ. ಬೆಳಿಗ್ಗೆ ಎದ್ದ ಕೂಡಲೇ ಮಲಗಿಯೇ ನೋಡಿ, ಏಳು ದಿನದ ಸರಾಸರಿ ತೆಗೆಯಿರಿ, ಅದಕ್ಕೆ 15 ಸೇರಿಸಿ. ನನಗೆ 68, ಹಾಗಾಗಿ 83. ಅದು ದಾಟಿದರೆ ಕೂರುವುದು. ಮೊದಲ ದಿನ ಬಟ್ಟೆ ಮಡಚುವಾಗಲೇ ದಾಟಿತು, ಮೆಟ್ಟಿಲಲ್ಲಿ 121. ಅವತ್ತೇ ಗೊತ್ತಾಯಿತು ನಾನು ದಿನವಿಡೀ ಓಡುತ್ತಿದ್ದೆ ಅಂತ.

ನಡುರಾತ್ರಿ
ನಾಡಿ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಲೆಕ್ಕ ನಡೆಯಲ್ಲ. ಪಾಟ್ಸ್ ಇರುವವರಿಗೆ ನಿಂತ ಕೂಡಲೇ ದಾಟುತ್ತದೆ. ಮತ್ತೆ, ವಾಚ್ ನೋಡಿ ನೋಡಿ ಹೆದರಿಕೊಂಡು ನಾಡಿ ಏರಿಸಿಕೊಂಡವಳು ನಾನು. ಕಂಪನ ಮಾತ್ರ ಇಟ್ಟುಕೊಂಡು ಅಂಕಿ ಮುಚ್ಚಿಬಿಟ್ಟೆ.

ತುಂಟಮೀನು
ವಿಶ್ರಾಂತಿ ಅಂದರೆ ಮಲಗಿ ರೀಲ್ಸ್ ನೋಡಬಹುದಾ? ಸ್ನೇಹಿತರ ಪರವಾಗಿ ಕೇಳುತ್ತಿದ್ದೇನೆ.

ನಿಧಾನಿ
ಸ್ನೇಹಿತರಿಗೆ ಹೇಳಿ, ಅದು ಮಲಗಿ ಮಾಡುವ ಕೆಲಸ.

ಮೂಳೆಮಾಂಸ
ಮೆಟ್ಟಿಲುಭಯ ಅವರೇ, ಫಿಸಿಯೋ ಬದಲಿಸುವ ಮೊದಲು ಆ ನೋಟ್‌ಬುಕ್ ಅವರಿಗೇ ತೋರಿಸಿ. ಬಹಳ ಜನಕ್ಕೆ ಕಲಿಸುವಾಗ ಇದನ್ನು ಯಾರೂ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ. ಮೊದಲ ಆರು ತಿಂಗಳು ನಾನೂ ಅಂಥದ್ದೇ ಚೀಟಿ ಬರೆದಿದ್ದೇನೆ.

ಮೆಟ್ಟಿಲುಭಯ (ನಾಲ್ಕು ವಾರದ ನಂತರ)
ಹೇಳದೇ ಮಾಯವಾಗಿದ್ದಕ್ಕೆ ಕ್ಷಮಿಸಿ, ಪರದೆ ನೋಡುವುದನ್ನೂ ಕಡಿಮೆ ಮಾಡಿದ್ದೆ.

ನೋಟ್‌ಬುಕ್ ತೆಗೆದುಕೊಂಡು ಹೋದೆ. ಫಿಸಿಯೋ ಮೊದಲು ಪುಟ ತಿರುವಿದರು, ಆಮೇಲೆ ಕೂತು ಓದಿದರು. 20 ನಿಮಿಷದ ನಡಿಗೆಗೂ ಮೂರನೇ ದಿನಕ್ಕೂ ಪೆನ್ನಿನಿಂದ ಗೆರೆ ಎಳೆದೆವು, ಮೂರು ಸಲವೂ ಹಾಗೇ. "ಸುಸ್ತಾದರೂ ನಿಲ್ಲಿಸಬಾರದು" ಅನ್ನುವ ಸಾಲನ್ನು ಅವರೇ ಹೊಡೆದು ಹಾಕಿದರು. ಈಗ ದಿನಕ್ಕೆ ಎರಡು ಸಲ 3 ನಿಮಿಷ, ಸಮತಟ್ಟು ನೆಲದಲ್ಲಿ, ನಡುವೆ ಮಲಗುವುದು. ಹಲ್ಲುಜ್ಜುವುದು ಕೂತು. ಏರಿಸುವ ಮಾತೇ ಇಲ್ಲ ಸದ್ಯಕ್ಕೆ. 16 ದಿನದಿಂದ ಕ್ರ್ಯಾಶ್ ಆಗಿಲ್ಲ. ಸುಸ್ತು ಹಾಗೇ ಇದೆ, ಆದರೆ ಬೀಳುತ್ತಿಲ್ಲ. ಮನೆಯವರು ಇನ್ನೂ ನಂಬಿಲ್ಲ, ಸ್ಟೂಲು ಮಾತ್ರ ತಂದುಕೊಟ್ಟರು.

ಅಮ್ಮನಮಗ
ನಮ್ಮಮ್ಮ ನಿನ್ನೆ ಕೈ ಊರದೇ ಎದ್ದರು!

ಓಟಗಾರ
ಇಬ್ಬರಿಗೂ ಅಭಿನಂದನೆ. ಆ ಹುಡುಗ ಉತ್ತರ ಕೊಟ್ಟ, ಹನ್ನೆರಡು ದಿನ ಬಿಟ್ಟು. ಈ ಚರ್ಚೆಯ ಕೊಂಡಿ ಕಳಿಸಿದ್ದೇನೆ.

ನಿಧಾನಿ
@ಮೆಟ್ಟಿಲುಭಯ 16 ದಿನ ಚೆನ್ನಾಗಿದೆ ಅಂತ ಅಟ್ಟ ಸ್ವಚ್ಛ ಮಾಡಲು ಹತ್ತಬೇಡಿ. ಎಲ್ಲರೂ ಅಲ್ಲೇ ಬೀಳುವುದು.

ಮೆಟ್ಟಿಲುಭಯ
ಅಟ್ಟ ಅಲ್ಲ. ಬೀರು. ನಿನ್ನೆ. ಒಂದೇ ಖಾನೆ.

ನಿಧಾನಿ
ಗೊತ್ತಿತ್ತು. ನಾಳೆ ಬಂದು ಹೇಳಿ.